ಯುದ್ಧ ನಡೆಯುತ್ತಿರುವಾಗ ಹವಾಮಾನದ ಮಾತುಕತೆಯಿಂದ ಏನಾದೀತು?

ತುಂಗಾತೀರ, ಶಿವಮೊಗ್ಗ

ಬರುವ ಭಾನುವಾರ ನಮ್ಮ ಓದುಗರ ಬಳಗದಲ್ಲಿ ಇದೇ ವಿಷಯದ ಚರ್ಚೆಯಿದೆ. ಬಳಗದ ಹೆಚ್ಚಿನವರು ಈಗಾಗಲೇ ತೀರ್ಪು ಕೊಟ್ಟಾಗಿದೆ: ಗುಂಡು ಹಾರುವ ಕಾಲದಲ್ಲಿ ಹೊಗೆಯ ಲೆಕ್ಕ ಕೇಳುವವರು ಯಾರು? ಅವರ ಮಾತು ಆಧಾರವಿಲ್ಲದ್ದೇನಲ್ಲ. 2024ರಲ್ಲಿ ಜಗತ್ತಿನ ದೇಶಗಳೆಲ್ಲ ಸೇರಿ ಸೈನ್ಯಕ್ಕೆ ಸುರಿದದ್ದು ಸುಮಾರು 2.7 ಲಕ್ಷ ಕೋಟಿ ಡಾಲರ್. ಅದೇ ವರ್ಷ ಅಜರ್‌ಬೈಜಾನ್‌ನ ರಾಜಧಾನಿ ಬಾಕುವಿನಲ್ಲಿ ನಡೆದ ವಿಶ್ವಸಂಸ್ಥೆಯ ವಾರ್ಷಿಕ ಹವಾಮಾನ ಸಮ್ಮೇಳನದಲ್ಲಿ ಅಭಿವೃದ್ಧಿಶೀಲ ದೇಶಗಳಿಗೆಂದು ಒಪ್ಪಿಕೊಂಡದ್ದು ವರ್ಷಕ್ಕೆ 30 ಸಾವಿರ ಕೋಟಿ ಡಾಲರ್, ಅದೂ 2035ರ ಹೊತ್ತಿಗೆ. 2025ರ ಫೆಬ್ರುವರಿಯಲ್ಲಿ ಬ್ರಿಟನ್, ರಕ್ಷಣಾ ವೆಚ್ಚಕ್ಕೆ ಹಣ ಹೊಂದಿಸಲು ವಿದೇಶಿ ನೆರವನ್ನು ರಾಷ್ಟ್ರೀಯ ಆದಾಯದ ಶೇ. 0.5ರಿಂದ 0.3ಕ್ಕೆ ಇಳಿಸುವುದಾಗಿ ಹೇಳಿತು. ಅಮೆರಿಕವಂತೂ ಭೂಮಿಯ ಬಿಸಿ ತಡೆಯಲೆಂದು 2015ರಲ್ಲಿ ಆದ ಪ್ಯಾರಿಸ್ ಒಪ್ಪಂದದಿಂದ ಎರಡನೆಯ ಸಲ ಹೊರನಡೆದಿದೆ.

ಆದರೂ ನನಗೆ ಈ ತೀರ್ಪು ಒಪ್ಪಿಗೆಯಿಲ್ಲ. ಬಾಕು ಸಮ್ಮೇಳನ ಬಾಕುವಿಗೆ ಹೋದದ್ದು ಹೇಗೆ ಎಂಬುದನ್ನೇ ನೋಡಿ. ಆ ವರ್ಷದ ಸರದಿ ಪೂರ್ವ ಯುರೋಪಿನದು. ಉಕ್ರೇನ್ ಯುದ್ಧದಿಂದ ಮುನಿಸಿಕೊಂಡಿದ್ದ ರಷ್ಯಾ ಐರೋಪ್ಯ ಒಕ್ಕೂಟದ ಯಾವ ದೇಶಕ್ಕೂ ಒಪ್ಪಲಿಲ್ಲ. ಉಳಿದ ಆರ್ಮೇನಿಯಾ, ಅಜರ್‌ಬೈಜಾನ್ ಒಂದಕ್ಕೊಂದು ಅಡ್ಡಗಾಲು ಹಾಕಿದವು. 2023ರ ಸೆಪ್ಟೆಂಬರಿನಲ್ಲಿ, ಈ ಎರಡೂ ದೇಶಗಳು ಕಾದಾಡುತ್ತಿದ್ದ ನಗೋರ್ನೊ ಕರಬಾಖ್ ಪ್ರದೇಶದಿಂದ ಒಂದು ಲಕ್ಷಕ್ಕೂ ಹೆಚ್ಚು ಆರ್ಮೇನಿಯನ್ನರು ಊರು ಬಿಟ್ಟಿದ್ದರು. ಡಿಸೆಂಬರಿನಲ್ಲಿ ಎರಡೂ ಸರ್ಕಾರಗಳು ಒಟ್ಟಾಗಿ ಒಂದು ಹೇಳಿಕೆ ಹೊರಡಿಸಿದವು. ಅಜರ್‌ಬೈಜಾನ್ 32 ಆರ್ಮೇನಿಯನ್ ಸೈನಿಕರನ್ನು ಬಿಡಬೇಕು, ಆರ್ಮೇನಿಯಾ ಇಬ್ಬರನ್ನು ಬಿಡಬೇಕು, ಜೊತೆಗೆ ತನ್ನ ಉಮೇದುವಾರಿಕೆಯನ್ನು ಹಿಂತೆಗೆದುಕೊಂಡು ಬಾಕುವನ್ನು ಬೆಂಬಲಿಸಬೇಕು. ಹವಾಮಾನ ಸಮ್ಮೇಳನದ ಜಾಗದ ಚೌಕಾಶಿಯಲ್ಲಿ 34 ಮಂದಿ ಮನೆಗೆ ಹೋದರು. ಎಣ್ಣೆ ಮಾರುವ ದೇಶದಲ್ಲಿ ಹವಾಮಾನ ಸಮ್ಮೇಳನವೇ ಎಂದು ಆಮೇಲೆ ಎಲ್ಲರೂ ನಕ್ಕರು, ಅದು ಬೇರೆ ಮಾತು.

ಇಂಥ ನಿಜವಾದ ಉದಾಹರಣೆಗಳು ಬೇಕು, ಪರ ಮತ್ತು ವಿರೋಧ ಎರಡೂ. ಉಪದೇಶ ಬೇಡ.

ವರದಾಮೂಲದ ತೋಟಿಗ, ಸಾಗರ

ವಿರೋಧದಿಂದ ಶುರು ಮಾಡುತ್ತೇನೆ. ಯುದ್ಧ ನನ್ನ ಅಡಿಕೆ ತೋಟಕ್ಕೆ ಬಂದಿದೆ, ಹವಾಮಾನ ಒಪ್ಪಂದ ಬಂದಿಲ್ಲ. ನಮ್ಮ ದೇಶದಲ್ಲಿ ಪೊಟ್ಯಾಷ್ ಗಣಿಯಿಲ್ಲ, ಹೆಚ್ಚುಕಡಿಮೆ ಪೂರ್ತಿ ಆಮದು. ದೊಡ್ಡ ಮಾರಾಟಗಾರರು ಕೆನಡಾ, ರಷ್ಯಾ, ಬೆಲಾರಸ್. ಮೊದಲು ಬೆಲಾರಸ್ ಮೇಲೆ ನಿರ್ಬಂಧ, ಆಮೇಲೆ 2022ರ ಯುದ್ಧ. ಆ ವರ್ಷ 50 ಕಿಲೋ ಚೀಲಕ್ಕೆ 1,700 ರೂಪಾಯಿ ಕೊಟ್ಟವರು ನಮ್ಮಲ್ಲಿ ಬೇಕಾದಷ್ಟು ಜನ. ಅಡಿಕೆಗೆ ಪೊಟ್ಯಾಷ್ ತಪ್ಪಿಸಿದರೆ ಏನಾಗುತ್ತದೆ ಎಂದು ಮರಕ್ಕೇ ಗೊತ್ತು.

ಇನ್ನೊಂದು ಕಡೆ ಕೊಳೆ ರೋಗ. ಮುಂಗಾರು ಹಿಡಿಯುವ ಮುಂಚೆ ಒಂದು ಸಲ, ನಲವತ್ತು ದಿನ ಬಿಟ್ಟು ಇನ್ನೊಂದು ಸಲ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವುದು ಹಿಂದಿನಿಂದ ಬಂದ ಕ್ರಮ. ಈಗ ಪುನರ್ವಸು ಮಳೆ ಆರಿದ್ರೆಯಲ್ಲಿ, ಪುಷ್ಯದ ಮಳೆ ಆಶ್ಲೇಷದಲ್ಲಿ. ಒಂದು ವಾರ ಬಿಡುವೇ ಕೊಡದೆ ಸುರಿದರೆ ಕೊನೆಗಾರ ಮರ ಹತ್ತುವುದು ಹೇಗೆ? ಮೇಲಿಂದ ಎಲೆಚುಕ್ಕಿ ರೋಗ. 2015ರಲ್ಲಿ ಪ್ಯಾರಿಸ್‌ನಲ್ಲಿ ಚಪ್ಪಾಳೆ ತಟ್ಟಿದರು. ನನಗೆ ಸಿಕ್ಕಿದ್ದೇನು, ಯಾರಾದರೂ ಹೇಳಿ ಮಾರಾಯರೇ.

ಮಳೆಲೆಕ್ಕ, ಹೊಸನಗರ

ತೋಟಿಗರೇ, ಬೋರ್ಡೋ ಹೊಡೆಯುವ ಮುಂಚೆ ಮೊಬೈಲ್‌ನಲ್ಲಿ ಐದು ದಿನದ ಮುನ್ಸೂಚನೆ ನೋಡುತ್ತೀರಲ್ಲ, ಸಿಕ್ಕಿದ್ದು ಅದು.

ತಮಾಷೆಗೆ ಹೇಳುತ್ತಿಲ್ಲ. ಆ ಮುನ್ಸೂಚನೆ ಬೆಂಗಳೂರಿನಲ್ಲೋ ದಿಲ್ಲಿಯಲ್ಲೋ ತಾನಾಗಿ ಹುಟ್ಟುವುದಿಲ್ಲ. ಬೆಳಗಿನ 5.30 ಮತ್ತು ಸಂಜೆಯ 5.30ರ ಲೆಕ್ಕಕ್ಕೆ ಹೊಂದುವಂತೆ ಜಗತ್ತಿನ ನೂರಾರು ಕಡೆಗಳಿಂದ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಲೂನುಗಳು ಮೇಲೇರುತ್ತವೆ. ನಮಗೆ ಹತ್ತಿರದ್ದು ಮಂಗಳೂರಿನ ಪಣಂಬೂರು. ಗಾಳಿಯ ಒತ್ತಡ, ಉಷ್ಣಾಂಶ, ತೇವಾಂಶದ ಅಂಕಿಗಳು ಕೆಳಗೆ ಬಂದ ಕೂಡಲೇ ಎಲ್ಲ ದೇಶಗಳ ನಡುವೆ ಹಂಚಿಕೆಯಾಗುತ್ತವೆ. ಅದಕ್ಕೆ ಸಮುದ್ರದ ತೇಲುಯಂತ್ರಗಳು, ಉಪಗ್ರಹಗಳು, ಹಡಗುಗಳು ಸೇರುತ್ತವೆ. ಮಾಸ್ಕೋ ಕೊಟ್ಟದ್ದು ವಾಷಿಂಗ್ಟನ್ನಿಗೆ, ಬೀಜಿಂಗ್ ಕೊಟ್ಟದ್ದು ದಿಲ್ಲಿಗೆ. ಅರಬ್ಬೀ ಸಮುದ್ರದ ಮೇಲಿನ ಗಾಳಿಗೆ ಪಾಸ್‌ಪೋರ್ಟ್ ಇಲ್ಲವಾದ್ದರಿಂದ ಒಬ್ಬರ ಅಂಕಿಯಿಲ್ಲದೆ ಇನ್ನೊಬ್ಬರ ಲೆಕ್ಕ ಕೂಡುವುದಿಲ್ಲ.

ಇದು ಯಾವಾಗ ಆರಂಭವಾಯಿತು ಗೊತ್ತೇ? ವಿಶ್ವ ಹವಾಮಾನ ಸಂಸ್ಥೆಯ ಈ ಜಾಗತಿಕ ವ್ಯವಸ್ಥೆ ಹುಟ್ಟಿದ್ದು 1963ರಲ್ಲಿ. ಅದರ ಹಿಂದಿನ ಅಕ್ಟೋಬರಿನಲ್ಲಿ ಕ್ಯೂಬಾದ ಕ್ಷಿಪಣಿಗಳ ವಿಷಯದಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಅಣುಯುದ್ಧದ ಅಂಚಿಗೆ ಹೋಗಿ ಬಂದಿದ್ದವು. ಎರಡನೆಯ ಮಹಾಯುದ್ಧದಲ್ಲಿ ಹವಾಮಾನದ ಅಂಕಿ ಸೈನ್ಯದ ಗುಟ್ಟಾಗಿತ್ತು, ಸಂಕೇತ ಭಾಷೆಯಲ್ಲಿ ಮುಚ್ಚಿಟ್ಟು ಕಳಿಸುತ್ತಿದ್ದರು. ಅದೇ ಅಂಕಿಯನ್ನು ಪರಮ ವೈರಿಗಳು ದಿನಾ ಹಂಚಿಕೊಳ್ಳುವಂತಾಯಿತು. 1995ರಲ್ಲಿ ಅಗತ್ಯದ ಅಂಕಿಗಳನ್ನು ಉಚಿತವಾಗಿ, ನಿರ್ಬಂಧವಿಲ್ಲದೆ ಕೊಡಬೇಕೆಂದು ಅದೇ ಸಂಸ್ಥೆ ನಿರ್ಣಯ ಮಾಡಿತು. ಯುದ್ಧ ಕಾಲದ ಸಹಕಾರ ಎಂದರೆ ನನ್ನ ಪ್ರಕಾರ ಇದು. ಭಾಷಣವಿಲ್ಲ, ಹಾರವಿಲ್ಲ, ಟಿವಿಯವರೂ ಬರುವುದಿಲ್ಲ. ಬಹುಶಃ ಅದಕ್ಕೇ ಬದುಕಿಕೊಂಡಿದೆ.

ವರದಾಮೂಲದ ತೋಟಿಗ, ಸಾಗರ

ಮುನ್ಸೂಚನೆಯನ್ನು ಒಪ್ಪಿದೆ. ಆದರೆ ಮಳೆ ಬರುತ್ತದೆ ಎಂದು ಹೇಳುವುದು ಒಂದು, ಮಳೆ ಕೆಡಿಸಿದವರ ಕೈ ಹಿಡಿಯುವುದು ಇನ್ನೊಂದು. ಎರಡನೆಯದು ಎಲ್ಲಿದೆ?

ಸೊರಬದ ನಿವೃತ್ತ ಮೇಷ್ಟರು

ಎರಡನೆಯದಕ್ಕೆ ಉತ್ತರ ನನ್ನಲ್ಲಿಲ್ಲ. ಮೊದಲನೆಯದಕ್ಕೆ ನಮ್ಮ ತಾಲ್ಲೂಕಿನದೇ ಒಂದು ಸಂಗತಿ ಸೇರಿಸುತ್ತೇನೆ, ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಹಿಂದೆಯೇ ಮನುಷ್ಯರು. ಈಗ ಮಂಗನ ಕಾಯಿಲೆ ಎನ್ನುತ್ತೇವಲ್ಲ, ಅದೇ. ಹಳದಿ ಜ್ವರ ಭಾರತಕ್ಕೆ ಬಂದೇಬಿಟ್ಟಿತೇ ಎಂಬ ದಿಗಿಲು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಅದನ್ನು ಕಟ್ಟಿದ್ದು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ. ವೈರಾಣು ಪರೀಕ್ಷಿಸಿ ನೋಡಿದರೆ ಅದರ ನಂಟಸ್ತಿಕೆ ಹಳದಿ ಜ್ವರಕ್ಕಿಂತ ರಷ್ಯಾದ ಕಾಡುಗಳಲ್ಲಿ ಉಣ್ಣಿಯಿಂದ ಹರಡುವ ಮಿದುಳು ಜ್ವರದ ಕಡೆಗೆ! ಅದು ಸ್ಪುಟ್ನಿಕ್ ಹಾರಿದ ವರ್ಷ, ಶೀತಲ ಸಮರದ ಕಾವು ಏರಿದ್ದ ಹೊತ್ತು. ಸೈಬೀರಿಯದ ಉಣ್ಣಿಯ ಮೇಲೆ ಸೋವಿಯತ್ ವಿಜ್ಞಾನಿಗಳು ಮೊದಲೇ ಮಾಡಿಟ್ಟಿದ್ದ ಕೆಲಸ ಇಲ್ಲದಿದ್ದರೆ ಸೊರಬದ ಕಾಯಿಲೆಗೆ ಕುಲಗೋತ್ರ ಸಿಗಲು ಇನ್ನೆಷ್ಟು ಕಾಲ ಬೇಕಿತ್ತೋ. ಆ ರಷ್ಯನ್ ಜ್ವರದ ಲಸಿಕೆಯನ್ನು ಇಲ್ಲಿ ಪ್ರಯೋಗಿಸಿದರು, ಅದು ಫಲ ಕೊಡಲಿಲ್ಲ ಎಂಬುದನ್ನೂ ಹೇಳಬೇಕು.

ಸಿಡುಬು ಇನ್ನೂ ದೊಡ್ಡ ಉದಾಹರಣೆ. ನಿರ್ಮೂಲನ ಮಾಡೋಣ ಎಂದು 1958ರಲ್ಲಿ ಪ್ರಸ್ತಾಪ ಇಟ್ಟದ್ದು ಸೋವಿಯತ್ ಒಕ್ಕೂಟ, 1967ರಿಂದ ಆ ಕೆಲಸದ ಮುಂದಾಳತ್ವ ವಹಿಸಿದ್ದು ಅಮೆರಿಕದ ವೈದ್ಯರು. ನಡುವೆ ವಿಯೆಟ್ನಾಂ ಹೊತ್ತಿ ಉರಿಯುತ್ತಿತ್ತು. 1980ರಲ್ಲಿ ಸಿಡುಬು ನಿರ್ಮೂಲನವಾಯಿತೆಂದು ಸಾರಿದರು.

ತುಂಗಾತೀರ, ಶಿವಮೊಗ್ಗ

ಮೇಷ್ಟರೇ, ಕ್ಯಾಸನೂರಿನ ಸಂಗತಿಯನ್ನು ಭಾನುವಾರ ಖಂಡಿತ ಹೇಳುತ್ತೇನೆ.

ತೋಟಿಗರ ಎರಡನೆಯ ಪ್ರಶ್ನೆಗೆ ಓಝೋನ್ ಇದೆ, ಅಂದರೆ ಆಕಾಶದ ಓಝೋನ್ ಪದರವನ್ನು ತಿನ್ನುವ ಅನಿಲಗಳನ್ನು ತಡೆದ ಕಥೆ. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದ ಆದಾಗ ಸೋವಿಯತ್ ಸೈನ್ಯ ಅಫ್ಘಾನಿಸ್ತಾನದಲ್ಲಿತ್ತು, ಇರಾನ್ ಮತ್ತು ಇರಾಕ್ ಏಳು ವರ್ಷದಿಂದ ಬಡಿದಾಡುತ್ತಿದ್ದವು. ಆದರೂ ಫ್ರಿಜ್ ಮತ್ತು ಸ್ಪ್ರೇ ಡಬ್ಬಿಗಳ ಆ ಅನಿಲಗಳನ್ನು ನಿಲ್ಲಿಸುವ ಕೆಲಸ ನಡೆಯಿತು. ಭಾರತ ಮತ್ತು ಚೀನಾ ಮೊದಲು ಸಹಿ ಹಾಕಲಿಲ್ಲ. ಹೊಸ ತಂತ್ರಜ್ಞಾನಕ್ಕೆ ಹಣ ಯಾರು ಕೊಡುತ್ತೀರಿ ಎಂದು ಪಟ್ಟು ಹಿಡಿದವು. 1990ರಲ್ಲಿ ಲಂಡನ್‌ನಲ್ಲಿ ಅದಕ್ಕೆಂದೇ ನಿಧಿ ಸ್ಥಾಪಿಸಲು ಒಪ್ಪಿದ ಮೇಲೆ ಒಳಗೆ ಬಂದವು, ಭಾರತ 1992ರಲ್ಲಿ. 2009ರ ಹೊತ್ತಿಗೆ ವಿಶ್ವಸಂಸ್ಥೆಯ ಪ್ರತಿಯೊಂದು ಸದಸ್ಯ ದೇಶವೂ ಅದರಲ್ಲಿತ್ತು.

ಕಲ್ಲಿದ್ದಲಿನಷ್ಟು ಕಷ್ಟದ ವಸ್ತು ಅದಲ್ಲ, ಒಪ್ಪುತ್ತೇನೆ. ತಯಾರಿಸುವ ಕಂಪನಿಗಳು ಬೆರಳೆಣಿಕೆಯಷ್ಟು, ಬದಲಿ ರಾಸಾಯನಿಕವೂ ಕೈಗೆ ಸಿಗುವಂತಿತ್ತು. ಆದರೆ ಗಮನಿಸಿ, ಅಲ್ಲಿ ಯಾರೂ ಯಾರನ್ನೂ ಪ್ರೀತಿಸಬೇಕಾಗಿರಲಿಲ್ಲ. ಕೆಲಸ ಕಿರಿದು, ಅಳತೆ ಖಚಿತ, ಹಣದ ಮಾತು ಸ್ಪಷ್ಟ. ಯುದ್ಧಗಳನ್ನು ದಾಟಿ ಉಳಿದ ಸಹಕಾರವೆಲ್ಲ ಇದೇ ಜಾತಿಯದು ಎಂದು ನನಗೆ ಈ ಚರ್ಚೆ ನೋಡುತ್ತಾ ಅನಿಸುತ್ತಿದೆ.

ಭದ್ರಾವತಿ ಕುಲುಮೆ

ಅಳತೆ ಖಚಿತ ಎಂದಿರಿ. ಸೈನ್ಯದ ಹೊಗೆಯನ್ನು ಅಳೆದವರು ಯಾರು ಸ್ವಾಮಿ? ಹೊಗೆ ಕಡಿತದ 1997ರ ಕ್ಯೋಟೋ ಒಪ್ಪಂದದ ಸಮಯದಲ್ಲಿ ಅಮೆರಿಕದ ಒತ್ತಾಯದಿಂದ ಸೈನಿಕ ಕಾರ್ಯಾಚರಣೆಗಳ ಇಂಧನದ ದೊಡ್ಡ ಪಾಲು ದೇಶಗಳ ಲೆಕ್ಕದಿಂದ ಹೊರಗುಳಿಯಿತು. ಪ್ಯಾರಿಸ್‌ನಲ್ಲಿ ವಿನಾಯಿತಿ ತೆಗೆದರು, ಆದರೆ ವರದಿ ಮಾಡುವುದು ಬಿಡುವುದು ನಿಮ್ಮಿಷ್ಟ ಎಂದರು. 2022ರಲ್ಲಿ ಸ್ವತಂತ್ರ ಸಂಶೋಧಕರು ಅಂದಾಜು ಮಾಡಿದ ಪ್ರಕಾರ ಜಗತ್ತಿನ ಒಟ್ಟು ಹೊಗೆಯಲ್ಲಿ ಸೈನ್ಯಗಳ ಪಾಲು ಶೇ. 5.5. ಉಕ್ರೇನ್ ಯುದ್ಧವೊಂದೇ ಮೊದಲ ಮೂರು ವರ್ಷಗಳಲ್ಲಿ ಸುಮಾರು 23 ಕೋಟಿ ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಹೊರೆ ಹಾಕಿದೆ ಎಂದು ಇನ್ನೊಂದು ತಂಡದ ಲೆಕ್ಕ: ಟ್ಯಾಂಕು, ಬೆಂಕಿ ಬಿದ್ದ ಕಾಡು, ಮುರಿದದ್ದನ್ನು ಮತ್ತೆ ಕಟ್ಟುವ ಸಿಮೆಂಟು, ಉಕ್ಕು, ಎಲ್ಲ ಸೇರಿ.

ಈಗ ನಮ್ಮ ಪಾಲಿನದು ಕೇಳಿ. 2026ರ ಜನವರಿಯಿಂದ ಐರೋಪ್ಯ ಒಕ್ಕೂಟಕ್ಕೆ ಹೋಗುವ ಉಕ್ಕಿನ ಪ್ರತಿ ಟನ್ನಿಗೆ ಇಂಗಾಲದ ಸುಂಕ. ಕುಲುಮೆಯ ಹೊಗೆಗೆ ಗ್ರಾಮು ಗ್ರಾಮಿನ ಲೆಕ್ಕ, ಅದೇ ಉಕ್ಕು ಟ್ಯಾಂಕ್ ಆಗಿ ಓಡತೊಡಗಿದರೆ ಲೆಕ್ಕ ಮಾಫಿ! ನಮ್ಮೂರಿನ ಕಬ್ಬಿಣದ ಕಾರ್ಖಾನೆ ರೂಪುಗೊಂಡದ್ದು ಮೊದಲ ಮಹಾಯುದ್ಧದ ಕಾಲದಲ್ಲಿ, ಉರುವಲು ಮಲೆನಾಡಿನ ಮರದ ಇದ್ದಿಲು. ಕಾಡು ಕೊಟ್ಟವರು, ಹೊಗೆ ಕುಡಿದವರು ನಾವು. ಸುಂಕ ಕಟ್ಟುವವರೂ ನಾವೇ ಎಂದರೆ ಇದನ್ನು ಸಹಕಾರ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಶರಾವತಿ ಹಿನ್ನೀರು

ಕುಲುಮೆಯವರ ಮಾತಿಗೆ ನನ್ನದೂ ಒಂದು ಸಾಲು. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ನಮ್ಮ ಹಿರಿಯರ ಗದ್ದೆ ತೋಟ ಮುಳುಗಿತು. ಮುಳುಗಡೆಯವರ ಹಕ್ಕುಪತ್ರದ ಗೋಳು ಇಂದಿಗೂ ಮುಗಿದಿಲ್ಲ. ಈಗ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲೆತ್ತಿಟ್ಟು, ಬೇಕಾದಾಗ ಕೆಳಗೆ ಬಿಟ್ಟು ವಿದ್ಯುತ್ ಮಾಡುವ) ಯೋಜನೆ, ಸಿಂಗಳೀಕಗಳ ಅಭಯಾರಣ್ಯದ ಒಳಗೆ. ಸೌರ ವಿದ್ಯುತ್ ಶೇಖರಿಸಲು, ಹಸಿರು ಇಂಧನಕ್ಕಾಗಿ, ದೇಶ ಜಗತ್ತಿಗೆ ಕೊಟ್ಟ ಮಾತಿಗಾಗಿ ಎನ್ನುತ್ತಾರೆ. ಅಂತರರಾಷ್ಟ್ರೀಯ ಸಹಕಾರ ನಮ್ಮ ಊರಿಗೆ ಬರುವುದು ಸರ್ವೆ ಕಲ್ಲಿನ ರೂಪದಲ್ಲಿ.

ತುಂಗಾತೀರ, ಶಿವಮೊಗ್ಗ

ಹಿನ್ನೀರಿನವರೇ, ನೋವು ಅರ್ಥವಾಗುತ್ತದೆ. ಆದರೆ ಶರಾವತಿಗೆ ಬೇರೆಯೇ ಚರ್ಚೆ ಇದೆಯಲ್ಲ, ಇಲ್ಲಿ ಯುದ್ಧದ ವಿಷಯಕ್ಕೆ ನಿಲ್ಲೋಣವೇ?

ಸೊರಬದ ನಿವೃತ್ತ ಮೇಷ್ಟರು

ಇಲ್ಲ, ಅವರು ವಿಷಯದಲ್ಲೇ ಇದ್ದಾರೆ. ಯುದ್ಧದ ಕಾಲದಲ್ಲಿ ಪ್ರತಿ ಸರ್ಕಾರವೂ 'ಇಂಧನ ಭದ್ರತೆ' ಎಂಬ ಮಂತ್ರ ಹಿಡಿಯುತ್ತದೆ. 2022ರಲ್ಲಿ ರಷ್ಯಾದ ಅನಿಲ ನಿಂತಾಗ ಜರ್ಮನಿ ಮೂಲೆಗೆ ಸರಿಸಿದ್ದ ಕಲ್ಲಿದ್ದಲು ಸ್ಥಾವರಗಳನ್ನು ಮತ್ತೆ ಹೊತ್ತಿಸಿತು. ಭದ್ರತೆಯ ಹೆಸರು ಹೇಳಿದ ಮೇಲೆ ಅಲ್ಲಿಯೂ ಪ್ರಶ್ನೆಯಿಲ್ಲ, ಇಲ್ಲಿಯೂ ಪ್ರಶ್ನೆಯಿಲ್ಲ. ಕಾಡಿನ ಮಾತು ಮೊದಲು ಬಿದ್ದುಹೋಗುವುದು ಆಗಲೇ.

ಶೃಂಗೇರಿ ಕಡೆಯವಳು

ಎಲ್ಲವನ್ನೂ ಓದಿದೆ. ಯಾರೂ ಹೇಳದ ಒಂದು ಘಟನೆ ಹೇಳುತ್ತೇನೆ. 2022ರ ಫೆಬ್ರುವರಿ 24ರಂದು ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದಾಗ ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿಯ ಸಭೆ ಆನ್‌ಲೈನ್‌ನಲ್ಲಿ ನಡೆಯುತ್ತಿತ್ತು. ಬಿಸಿಯ ಪರಿಣಾಮಗಳ ಕುರಿತ ದೊಡ್ಡ ವರದಿಯನ್ನು ಎಲ್ಲ ದೇಶಗಳೂ ಸಾಲು ಸಾಲಾಗಿ ಓದಿ ಒಪ್ಪುವ ಸಭೆ. ಉಕ್ರೇನ್ ತಂಡದ ನಾಯಕಿ ಸ್ವಿತ್ಲಾನಾ ಕ್ರಕೋವ್ಸ್ಕಾ ಕೀವ್ ನಗರದಿಂದ ಪಾಲ್ಗೊಂಡಿದ್ದರು. ಆಕೆಯ ತಂಡದವರು ಆಶ್ರಯ ಹುಡುಕಿಕೊಂಡು ಹೋಗಬೇಕಾಯಿತು. ಹವಾಮಾನ ಬದಲಾವಣೆಗೂ ಈ ಯುದ್ಧಕ್ಕೂ ಬೇರು ಒಂದೇ, ಅದು ಪಳೆಯುಳಿಕೆ ಇಂಧನ ಎಂದು ಆಕೆ ಹೇಳಿದರು. ಮುಕ್ತಾಯದ ದಿನ ರಷ್ಯಾದ ಪ್ರತಿನಿಧಿ ಒಲೆಗ್ ಅನಿಸಿಮೋವ್, ಈ ಯುದ್ಧವನ್ನು ತಡೆಯಲಾರದೆ ಹೋದ ಎಲ್ಲ ರಷ್ಯನ್ನರ ಪರವಾಗಿ ಕ್ಷಮೆ ಕೇಳಿದರು. ಅದನ್ನು ಹೇಳಿದ್ದು ರಷ್ಯಾದ್ದೇ ಪ್ರತಿನಿಧಿ ಎಂಬುದನ್ನು ಮರೆಯಬೇಡಿ. ವರದಿ 28ರಂದು ಹೊರಬಂತು.

ಇದರ ಎದುರಿಗೆ ಉತ್ತರ ಧ್ರುವದ ಸುತ್ತಲಿನ ಎಂಟು ದೇಶಗಳ ಆರ್ಕ್‌ಟಿಕ್ ಮಂಡಳಿಯನ್ನು ಇಡಿ. 2022ರ ಮಾರ್ಚಿನಲ್ಲಿ ಉಳಿದ ಏಳು ದೇಶಗಳು ರಷ್ಯಾದೊಂದಿಗೆ ಕೆಲಸ ನಿಲ್ಲಿಸಿದವು. ಉತ್ತರ ಧ್ರುವದ ಸುತ್ತಲಿನ ಕರಾವಳಿಯ ಸುಮಾರು ಅರ್ಧ ರಷ್ಯಾದ್ದು. ಸೈಬೀರಿಯದ ಹೆಪ್ಪುಗಟ್ಟಿದ ನೆಲ ಕರಗಿದರೆ ಅದರಲ್ಲಿ ಹುದುಗಿದ ಇಂಗಾಲ ಹೊರಬರುತ್ತದೆ, ಅಲ್ಲಿನ ಅಳತೆಗಳೇ ಹೊರಗಿನವರಿಗೆ ಸಿಗದಂತಾದವು. ಯುದ್ಧಕ್ಕೆ ಪ್ರತಿಭಟನೆ ಬೇಕು, ನಿಜ. ಆದರೆ ಥರ್ಮಾಮೀಟರನ್ನು ಬಹಿಷ್ಕರಿಸಿದರೆ ಶಿಕ್ಷೆ ಯಾರಿಗಾಯಿತು? 2024ರಲ್ಲಿ ಕಾರ್ಯತಂಡಗಳ ಮಟ್ಟದಲ್ಲಿ ಆನ್‌ಲೈನ್ ಸಭೆಗಳಿಗೆ ದಾರಿ ಮಾಡಿಕೊಂಡರು. ಕಳೆದುಹೋದ ವರ್ಷಗಳ ಅಂಕಿಗಳು ಮರಳಿ ಬರುವುದಿಲ್ಲ.

ವರದಾಮೂಲದ ತೋಟಿಗ, ಸಾಗರ

ಸೈಬೀರಿಯ ಬಿಡಿ ಅಕ್ಕ, ಸಿಂಧೂ ನದಿಗೆ ಬನ್ನಿ. ನೀರು ಹಂಚಿಕೊಳ್ಳಲು ಪಾಕಿಸ್ತಾನದ ಜೊತೆ ಮಾಡಿಕೊಂಡ 1960ರ ಒಪ್ಪಂದ 65ರ ಯುದ್ಧ ದಾಟಿತು, 71 ದಾಟಿತು, ಕಾರ್ಗಿಲ್ ದಾಟಿತು. ನೀವೆಲ್ಲ ಹೇಳುವ ಕಿರಿದಾದ, ಖಚಿತವಾದ, ಪ್ರೀತಿ ಬೇಡದ ಒಪ್ಪಂದವೇ ಅದು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ಆಯಿತು, ಒಪ್ಪಂದವನ್ನು ಅಮಾನತಿನಲ್ಲಿಟ್ಟೆವು. ಸರಿಯೇ ಆಯಿತು ಎನ್ನುತ್ತೇನೆ. ಪ್ರವಾಸಕ್ಕೆ ಹೋದವರನ್ನು ಹೆಂಡತಿ ಮಕ್ಕಳ ಎದುರು ಕೊಂದವರನ್ನು ಕಳಿಸಿದ ದೇಶಕ್ಕೆ ನೀರಿನ ಅಂಕಿ ಕೊಡುತ್ತಾ ಕೂರಬೇಕೇ? ಸತ್ತವರಲ್ಲಿ ನಮ್ಮ ಶಿವಮೊಗ್ಗದವರೂ ಇದ್ದರು.

ನಿರ್ವಾಹಕರು

ಪಹಲ್ಗಾಮ್ ಬಗ್ಗೆ ಸಿಟ್ಟು ಎಲ್ಲರಿಗೂ ಇದೆ. ಪಕ್ಷಗಳ ಹೆಸರು ಎಳೆದು ತಂದ ಎರಡು ಪ್ರತಿಕ್ರಿಯೆಗಳನ್ನು ತೆಗೆದಿದ್ದೇವೆ. ವಿಷಯ ಮುಂದುವರಿಯಲಿ.

ಮಳೆಲೆಕ್ಕ, ಹೊಸನಗರ

ತೋಟಿಗರ ಸಿಟ್ಟಿಗೆ ನನ್ನ ಬಳಿ ವಾದವಿಲ್ಲ. ನಡೆದ ಸಂಗತಿ ಮಾತ್ರ ಹೇಳುತ್ತೇನೆ. ಅದೇ ವರ್ಷ ಆಗಸ್ಟ್ ಕೊನೆಯಲ್ಲಿ ಜಮ್ಮುವಿನ ತಾವಿ ನದಿ ಉಕ್ಕಿದಾಗ ನಮ್ಮ ಸರ್ಕಾರ ಪಾಕಿಸ್ತಾನಕ್ಕೆ ನೆರೆಯ ಎಚ್ಚರಿಕೆ ಕಳಿಸಿತು. ಸಿಂಧೂ ಆಯೋಗದ ಮೂಲಕ ಕಳಿಸಲಿಲ್ಲ, ಮಾನವೀಯ ನೆಲೆಯಲ್ಲಿ ಹೈಕಮಿಷನ್ ಮೂಲಕ. ಒಪ್ಪಂದ ಅಮಾನತಿನಲ್ಲೇ ಇತ್ತು, ಮೇ ತಿಂಗಳ ಗುಂಡಿನ ಸದ್ದು ಇನ್ನೂ ಕಿವಿಯಲ್ಲಿತ್ತು. ಕೊಟ್ಟವರು ಮೆತ್ತಗಿನವರೆಂದು ಯಾರೂ ಹೇಳಲಾರರು. ಕೆಳದಂಡೆಯಲ್ಲಿ ಮಲಗಿರುವ ರೈತನಿಗೆ ನೀರು ಬರುತ್ತದೆ ಎಂದು ಹೇಳುವುದನ್ನು ಯುದ್ಧದ ಲೆಕ್ಕದ ಹೊರಗಿಟ್ಟರು, ಅಷ್ಟೇ. ನಾನು ಕೇಳುವುದೂ ಅಷ್ಟನ್ನೇ.

ವರದಾಮೂಲದ ತೋಟಿಗ, ಸಾಗರ

ಎಚ್ಚರಿಕೆ ಕೊಟ್ಟದ್ದು ಸರಿ. ಅದನ್ನು ವಿರೋಧಿಸುವಷ್ಟು ಕಲ್ಲು ನಾನಲ್ಲ.

ತುಂಗಾತೀರ, ಶಿವಮೊಗ್ಗ

ಇನ್ನೊಂದು ಉದಾಹರಣೆ ಬೇಗ ಸೇರಿಸಿಬಿಡುತ್ತೇನೆ. 2022ರ ಆಗಸ್ಟ್‌ನಲ್ಲಿ ಅಮೆರಿಕದ ಸಂಸತ್ತಿನ ಸ್ಪೀಕರ್, ಚೀನಾ ತನ್ನದೆನ್ನುವ ತೈವಾನ್‌ಗೆ ಹೋದರೆಂದು ಚೀನಾ ಹವಾಮಾನ ಮಾತುಕತೆ ನಿಲ್ಲಿಸಿತು, ನವೆಂಬರಿನಲ್ಲಿ ಬಾಲಿಯಲ್ಲಿ ನಾಯಕರು ಭೇಟಿಯಾದ ಮೇಲೆ ಮತ್ತೆ ಶುರು. ಜಗತ್ತಿನ ಅತಿ ಹೆಚ್ಚು ಹೊಗೆಯ ಎರಡು ದೇಶಗಳ ಮಾತು ಒಂದು ವಿಮಾನ ಇಳಿದದ್ದಕ್ಕೆ ನಿಂತಿತು. ಹವಾಮಾನವನ್ನು ಉಳಿದ ಜಗಳಗಳ ಕಟ್ಟಿನಿಂದ ಬಿಚ್ಚಿ ಬೇರೆ ಇಡಬೇಕು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಕುಲುಮೆಯವರ ಸೈನ್ಯದ ಲೆಕ್ಕದ ಬೇಡಿಕೆಯನ್ನೂ ನನ್ನ ಪಟ್ಟಿಗೆ ಹಾಕಿಕೊಂಡಿದ್ದೇನೆ. 2025ರ ಜುಲೈ 23ರಂದು ಅಂತರರಾಷ್ಟ್ರೀಯ ನ್ಯಾಯಾಲಯ ಕೊಟ್ಟ ಸಲಹಾ ಅಭಿಪ್ರಾಯ ಇಲ್ಲಿ ಕೆಲಸಕ್ಕೆ ಬರುತ್ತದೆ. ಅದರ ಮೂಲ ವನುವಾಟು ಎಂಬ ಪುಟ್ಟ ದ್ವೀಪ ದೇಶದ ಬೇಡಿಕೆ, ಅದಕ್ಕೂ ಹಿಂದೆ ಕಾನೂನು ವಿದ್ಯಾರ್ಥಿಗಳ ಹಟ. ಹವಾಮಾನದ ವಿಷಯದಲ್ಲಿ ಸಹಕರಿಸುವುದು ದೇಶಗಳ ಕಾನೂನುಬದ್ಧ ಕರ್ತವ್ಯ, ಒಪ್ಪಂದದಲ್ಲಿ ಇಲ್ಲದವರಿಗೂ ರೂಢಿಗತ ಕಾನೂನಿನ ಹೊಣೆ ತಪ್ಪದು ಎಂದು ನ್ಯಾಯಾಲಯ ಹೇಳಿದೆ. ಪೊಲೀಸರನ್ನು ಕಳಿಸಿ ಜಾರಿ ಮಾಡುವ ತೀರ್ಪಲ್ಲ. ಆದರೆ ಹೊರನಡೆದೆ, ಕೈತೊಳೆದುಕೊಂಡೆ ಎನ್ನುವವರಿಗೆ ಇನ್ನು ಮುಂದೆ ವಕೀಲರು ದುಬಾರಿ.

ಭದ್ರಾವತಿ ಕುಲುಮೆ

ವಕೀಲರು ದುಬಾರಿಯಾದರೆ ವಕೀಲರಿಗೆ ಲಾಭ. ನನ್ನ ಸುಂಕದ ಪ್ರಶ್ನೆ ಹಾಗೇ ಉಳಿಯಿತು.

ಶರಾವತಿ ಹಿನ್ನೀರು

ಒಂದು ನೇರ ಪ್ರಶ್ನೆ. ನಷ್ಟಕ್ಕೆ ಪರಿಹಾರದ ನಿಧಿ ಎಂದು 2022ರಲ್ಲಿ ಈಜಿಪ್ಟ್‌ನಲ್ಲಿ ಒಪ್ಪಿದರಲ್ಲ, ದುಬೈನಲ್ಲಿ ಮೊದಲ ದಿನವೇ ಚಾಲನೆಯನ್ನೂ ಕೊಟ್ಟರಲ್ಲ. ಗುಡ್ಡ ಕುಸಿದು ತೋಟ ಕಳೆದುಕೊಂಡವರಿಗೆ ಅದರಿಂದ ಏನಾದರೂ ಬರುತ್ತದೆಯೇ?

ತುಂಗಾತೀರ, ಶಿವಮೊಗ್ಗ

ನೇರವಾಗಿ ಬರುವುದಿಲ್ಲ. ಅರ್ಜಿ ದೇಶದ ಸರ್ಕಾರದ ಒಪ್ಪಿಗೆಯೊಂದಿಗೆ ಹೋಗಬೇಕು, ಗ್ರಾಮ ಪಂಚಾಯಿತಿಯೋ ರೈತರ ಸಂಘವೋ ಕಳಿಸಿದರೆ ಆಗದು. ದೇಶಗಳು ಕೊಡುತ್ತೇವೆಂದು ಹೇಳಿರುವ ಹಣವೂ 70ರಿಂದ 80 ಕೋಟಿ ಡಾಲರ್ ಆಸುಪಾಸು ಮಾತ್ರ.

ವರದಾಮೂಲದ ತೋಟಿಗ, ಸಾಗರ

ನಿಮ್ಮ ಮೊದಲ ಅಂಕಿಯನ್ನೇ ಹಿಡಿದು ಭಾಗಿಸಿ ನೋಡಿದೆ. ಸೈನ್ಯಕ್ಕೆ ದಿನಕ್ಕೆ 740 ಕೋಟಿ ಡಾಲರ್. ಅಂದರೆ ಇಡೀ ಜಗತ್ತಿನ ನಷ್ಟ ಪರಿಹಾರದ ನಿಧಿ ಸೈನ್ಯಗಳ ಎರಡೂವರೆ ಗಂಟೆಯ ಖರ್ಚು.

ಶೃಂಗೇರಿ ಕಡೆಯವಳು

ಭಾನುವಾರ ಇದನ್ನು ಓದಿ ಹೇಳಿ. ಮೊದಲ ಸಾಲಿನಲ್ಲೇ ಹೇಳಿ.

ಶರಾವತಿ ಹಿನ್ನೀರು

ಸರ್ಕಾರದ ಮೂಲಕವೇ ಹೋಗಬೇಕೆಂದರೆ ಸರ್ಕಾರದ ಕೈಗೆ ಕೊಡಲು ಕಾಗದ ಬೇಕು. 2018 ಮತ್ತು 2019ರ ಮಳೆಯಲ್ಲಿ ನಮ್ಮ ಹೋಬಳಿಯಲ್ಲಿ ಕುಸಿದ ದರೆ, ಹೋದ ತೋಟ, ಕೊಚ್ಚಿಹೋದ ಕಾಲುಸಂಕ, ಇವುಗಳ ಪಟ್ಟಿ ಯಾರ ಬಳಿಯಾದರೂ ಇದೆಯೇ?

ಮಳೆಲೆಕ್ಕ, ಹೊಸನಗರ

ಆ ಎರಡು ವರ್ಷಗಳ ದಿನದಿನದ ಮಳೆ ನನ್ನ ಪುಸ್ತಕದಲ್ಲಿದೆ, ಹೊಸನಗರದ್ದು ಮಾತ್ರ. ಕುಸಿತದ ದಿನಾಂಕ ಮತ್ತು ಸರ್ವೆ ನಂಬರ್ ಯಾರಾದರೂ ಕೊಟ್ಟರೆ ಎದುರುಬದುರು ಇಟ್ಟು ನೋಡಬಹುದು. ಸಾಗರದ ಕಡೆಯದು ತೋಟಿಗರು ಕೇಳಿ ನೋಡಲಿ.

ವರದಾಮೂಲದ ತೋಟಿಗ, ಸಾಗರ

ಕೇಳುತ್ತೇನೆ. ಅಡಿಕೆ ಕೊನೆಯ ಗೊಂಚಲುಗಳ ಕೊಯ್ಲು ಮುಗಿಯಲಿ.